ದೂರವೆಷ್ಟು, ಹೊತ್ತೆಷ್ಟು? – ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಆಕಾಶಮಾರ್ಗ

ಬೆಂಗಳೂರಿನಿಂದ ಮೈಸೂರಿಗೆ ರೈಲುದಾರಿ ಸುಮಾರು ೧೪೦ ಕಿಲೋಮೀಟರ್. ಎಷ್ಟು ಹೊತ್ತಿನ ಪ್ರಯಾಣವೆಂದು ತಿಳಿಯಬೇಕಾದರೆ ಈ ದೂರವನ್ನು ರೈಲಿನ ಸರಾಸರಿ ವೇಗದಿಂದ ಭಾಗಿಸಿದರೆ ಸಾಕು. ಹಳಿ ಒಂದೇ, ನೆಲ ಕದಲುವುದಿಲ್ಲ. ಆದುದರಿಂದ ದೂರ ತಿಳಿದರೆ ಹೊತ್ತೂ ತಿಳಿದಂತೆಯೇ. ಆದರೆ ಬೆಂಗಳೂರಿನಿಂದ ಅಮೆರಿಕದ ಪಶ್ಚಿಮ ತೀರದಲ್ಲಿರುವ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು ಎಂದು ಕೇಳಿದರೆ ಉತ್ತರ ಇಷ್ಟು ಸುಲಭವಲ್ಲ. ಇಲ್ಲಿ ಇವೆರಡೂ ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ಉತ್ತರ ಹೇಳುವುದು ಗೋಳದ ರೇಖಾಗಣಿತ. ಎರಡನೆಯದಕ್ಕೆ ಉತ್ತರ ಹೇಳುವುದು ಗಾಳಿ. ಕಡಿಮೆ ದೂರದ ದಾರಿಯಲ್ಲಿ ಹೆಚ್ಚು ಹೊತ್ತು ಹಿಡಿಯುವುದೂ ಉಂಟು, ಬಳಸುದಾರಿಯೇ ಬೇಗ ಮುಟ್ಟಿಸುವುದೂ ಉಂಟು. ಇದು ಹೇಗೆಂಬುದನ್ನು ಈ ಲೇಖನದಲ್ಲಿ ಹಂತಹಂತವಾಗಿ ವಿಚಾರಮಾಡೋಣ.

ಭೂಪಟದ ಸರಳರೇಖೆ

ಶಾಲೆಯ ಗೋಡೆಯ ಮೇಲೆ ತೂಗುಹಾಕಿರುವ ಪ್ರಪಂಚದ ಭೂಪಟದಲ್ಲಿ ಬೆಂಗಳೂರನ್ನೂ ಸ್ಯಾನ್ ಫ್ರಾನ್ಸಿಸ್ಕೊವನ್ನೂ ಗುರುತಿಸಿ, ಅಡಿಪಟ್ಟಿಯನ್ನಿಟ್ಟು ಒಂದು ಗೆರೆ ಎಳೆಯಿರಿ. ಗೆರೆಯು ಅರಬ್ಬೀ ಸಮುದ್ರ, ಅರೇಬಿಯ, ಸಹಾರ ಮರುಭೂಮಿ, ಅಟ್ಲಾಂಟಿಕ್ ಸಾಗರ ಇವುಗಳ ಮೇಲೆ ಹಾದು ಅಮೆರಿಕವನ್ನು ಸೇರುತ್ತದೆ. ಕಾಗದದ ಮೇಲೆ ಇದಕ್ಕಿಂತ ನೇರವಾದ ದಾರಿಯಿಲ್ಲ. ಆದರೆ ಭೂಮಿಯ ಮೇಲೆ ಈ ಗೆರೆಯ ಉದ್ದವನ್ನು ಲೆಕ್ಕಹಾಕಿದರೆ ಸುಮಾರು ೨೦,೦೦೦ ಕಿಲೋಮೀಟರ್ ಆಗುತ್ತದೆ. ಎಂದರೆ ಭೂಮಿಯ ಪರಿಧಿಯ ಅರ್ಧದಷ್ಟು. ಪೆಸಿಫಿಕ್ ಸಾಗರವನ್ನು ನಡುವೆ ಇಟ್ಟು ಬರೆದ ಭೂಪಟದಲ್ಲಿ ಪೂರ್ವಕ್ಕೆ ಇಂಥದೇ ಗೆರೆ ಎಳೆದರೆ ಅದು ಬಂಗಾಳ ಕೊಲ್ಲಿ, ವಿಯೆಟ್ನಾಂ, ಪೆಸಿಫಿಕ್ ಸಾಗರ ಇವುಗಳ ಮೇಲೆ ಹೋಗುತ್ತದೆ. ಅದರ ಉದ್ದ ಸುಮಾರು ೧೬,೧೦೦ ಕಿಲೋಮೀಟರ್. ಇವೆರಡರಲ್ಲಿ ಯಾವುದೂ ಅತ್ಯಂತ ಹತ್ತಿರದ ದಾರಿಯಲ್ಲ.

ಈ ಮೋಸಕ್ಕೆ ಕಾರಣ ಭೂಪಟವೇ. ದುಂಡಾದ ಕಿತ್ತಳೆಯ ಸಿಪ್ಪೆಯನ್ನು ಎಲ್ಲಿಯೂ ಹರಿಯದಂತೆ, ಹಿಗ್ಗದಂತೆ ಮೇಜಿನ ಮೇಲೆ ಚಪ್ಪಟೆಯಾಗಿ ಹರಡಲು ಸಾಧ್ಯವಿಲ್ಲ. ಗೆರಾರ್ಡಸ್ ಮರ್ಕೇಟರ್ ಎಂಬಾತನು ೧೫೬೯ರಲ್ಲಿ ರಚಿಸಿದ ಭೂಪಟ ನಾವಿಕರಿಗಾಗಿ ಮಾಡಿದುದು. ಅದರ ಮೇಲಿನ ಸರಳರೇಖೆಯು ದಿಕ್ಸೂಚಿಯ ಒಂದೇ ದಿಕ್ಕನ್ನು ಹಿಡಿದು ಸಾಗುವ ದಾರಿಯನ್ನು ತೋರಿಸುತ್ತದೆ. ಹಡಗು ನಡೆಸುವವನಿಗೆ ಇದು ದೊಡ್ಡ ಅನುಕೂಲ. ಆದರೆ ಈ ಅನುಕೂಲಕ್ಕಾಗಿ ಧ್ರುವಗಳ ಕಡೆಗೆ ಹೋದಂತೆಲ್ಲ ಭೂಭಾಗಗಳನ್ನು ಹಿಗ್ಗಿಸಬೇಕಾಯಿತು. ಆಫ್ರಿಕ ಖಂಡವು ಗ್ರೀನ್‌ಲೆಂಡಿಗಿಂತ ಸುಮಾರು ಹದಿನಾಲ್ಕು ಪಾಲು ದೊಡ್ಡದಾಗಿದ್ದರೂ ಈ ಭೂಪಟದಲ್ಲಿ ಎರಡೂ ಸಮನಾಗಿ ಕಾಣುವುದು ಇದರಿಂದಲೇ. ದಿಕ್ಕನ್ನು ಸರಿಯಾಗಿ ಹೇಳುವ ಭೂಪಟ ದೂರವನ್ನು ತಪ್ಪಾಗಿ ಹೇಳುತ್ತದೆ.

ಮಹಾವೃತ್ತ

ಹಾಗಾದರೆ ಗೋಳದ ಮೇಲೆ ಎರಡು ಬಿಂದುಗಳ ನಡುವೆ ಅತ್ಯಂತ ಕಡಿಮೆ ದೂರದ ದಾರಿ ಯಾವುದು? ಒಂದು ಗ್ಲೋಬನ್ನು ತೆಗೆದುಕೊಂಡು ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಬಿಗಿದ ದಾರವು ತಾನಾಗಿಯೇ ಆ ದಾರಿಯನ್ನು ತೋರಿಸುತ್ತದೆ. ಅದು ಮಹಾವೃತ್ತದ ಒಂದು ಚಾಪ. ಗೋಳದ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ, ಗೋಳವನ್ನು ಸರಿಯಾಗಿ ಎರಡು ಹೋಳು ಮಾಡುವ ವೃತ್ತಕ್ಕೆ ಮಹಾವೃತ್ತವೆಂದು ಹೆಸರು. ಭೂಮಧ್ಯರೇಖೆ ಒಂದು ಮಹಾವೃತ್ತ. ಎದುರುಬದುರಾದ ಎರಡು ರೇಖಾಂಶಗಳು ಕೂಡಿ ಒಂದು ಮಹಾವೃತ್ತವಾಗುತ್ತವೆ. ಆದರೆ ಭೂಮಧ್ಯರೇಖೆಯ ಹೊರತು ಬೇರೆ ಅಕ್ಷಾಂಶವೃತ್ತಗಳು ಮಹಾವೃತ್ತಗಳಲ್ಲ.

ಒಂದು ಸುಲಭವಾದ ನಿದರ್ಶನವನ್ನು ನೋಡೋಣ. ೬೦ ಡಿಗ್ರಿ ಉತ್ತರ ಅಕ್ಷಾಂಶದ ಮೇಲೆ, ಭೂಮಿಯ ಎದುರು ಬದಿಗಳಲ್ಲಿ ಎರಡು ಊರುಗಳಿವೆ ಎಂದಿಟ್ಟುಕೊಳ್ಳಿ. ಅಕ್ಷಾಂಶವೃತ್ತವನ್ನು ಬಿಡದೆ ನೇರವಾಗಿ ಪೂರ್ವಕ್ಕೆ ಹೋದರೆ ಸುಮಾರು ೧೦,೦೦೦ ಕಿಲೋಮೀಟರ್ ಕ್ರಮಿಸಬೇಕು. ಉತ್ತರ ಧ್ರುವದ ಮೇಲೆ ಹಾದು ಹೋದರೆ ೩೦ ಡಿಗ್ರಿ ಏರಿ ೩೦ ಡಿಗ್ರಿ ಇಳಿದಂತಾಗುತ್ತದೆ. ಮಹಾವೃತ್ತದ ಒಂದು ಡಿಗ್ರಿಗೆ ೧೧೧.೨ ಕಿಲೋಮೀಟರಾದ್ದರಿಂದ ಒಟ್ಟು ದೂರ ಸುಮಾರು ೬,೬೭೦ ಕಿಲೋಮೀಟರ್. ಮೂರರಲ್ಲಿ ಒಂದು ಪಾಲು ದಾರಿ ಉಳಿಯಿತು!

ಈಗ ನಮ್ಮ ಪ್ರಯಾಣಕ್ಕೆ ಬರೋಣ. ಬೆಂಗಳೂರು ವಿಮಾನ ನಿಲ್ದಾಣದ ಅಕ್ಷಾಂಶ ೧೩.೨ ಡಿಗ್ರಿ ಉತ್ತರ, ರೇಖಾಂಶ ೭೭.೭ ಡಿಗ್ರಿ ಪೂರ್ವ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣದ ಅಕ್ಷಾಂಶ ೩೭.೬ ಡಿಗ್ರಿ ಉತ್ತರ, ರೇಖಾಂಶ ೧೨೨.೪ ಡಿಗ್ರಿ ಪಶ್ಚಿಮ. ಪೂರ್ವದ ಕಡೆಯಿಂದ ಎಣಿಸಿದರೆ ರೇಖಾಂಶಗಳ ಅಂತರ ೧೫೯.೯ ಡಿಗ್ರಿ. ಇದು ೧೮೦ಕ್ಕೆ ಅಷ್ಟೇನೂ ದೂರವಲ್ಲ. ಎಂದರೆ ಎರಡು ಊರುಗಳೂ ಹೆಚ್ಚುಕಡಮೆ ಭೂಮಿಯ ಎದುರು ಬದಿಗಳಲ್ಲಿವೆ. ಆದುದರಿಂದ ಹತ್ತಿರದ ದಾರಿ ಉತ್ತರದ ಕಡೆಗೆ ಬಾಗಿರಬೇಕೆಂದು ಲೆಕ್ಕಕ್ಕೆ ಮೊದಲೇ ಊಹಿಸಬಹುದು.

ಗೋಳೀಯ ತ್ರಿಕೋಣಮಿತಿಯ ಸೂತ್ರ ಹೀಗಿದೆ. ಎರಡು ಊರುಗಳ ಅಕ್ಷಾಂಶಗಳನ್ನು ‘ಅ’, ‘ಆ’ ಎಂದೂ, ರೇಖಾಂಶಗಳ ಅಂತರವನ್ನು ‘ರ’ ಎಂದೂ, ಊರುಗಳ ನಡುವಣ ಚಾಪದ ಕೋನವನ್ನು ‘ದ’ ಎಂದೂ ಕರೆದರೆ,

ಕೊಸೈನ್ ದ = (ಸೈನ್ ಅ × ಸೈನ್ ಆ) + (ಕೊಸೈನ್ ಅ × ಕೊಸೈನ್ ಆ × ಕೊಸೈನ್ ರ)

ಮೇಲಿನ ಅಂಕಿಗಳನ್ನು ಹಾಕಿದರೆ ಮೊದಲನೆಯ ಪದ ೦.೧೩೯, ಎರಡನೆಯ ಪದ –೦.೭೨೪, ಮೊತ್ತ –೦.೫೮೫. ಇದಕ್ಕೆ ಸರಿಯಾದ ಕೋನ ೧೨೫.೮ ಡಿಗ್ರಿ. ೧೧೧.೨ರಿಂದ ಗುಣಿಸಿದರೆ ಸುಮಾರು ೧೪,೦೦೦ ಕಿಲೋಮೀಟರ್. ಭೂಮಿ ಪರಿಪೂರ್ಣ ಗೋಳವಲ್ಲದಿದ್ದರೂ ಅದರಿಂದ ಈ ಲೆಕ್ಕದಲ್ಲಿ ಆಗುವ ವ್ಯತ್ಯಾಸ ಅತ್ಯಲ್ಪ. ವಿಮಾನವು ನೆಲದಿಂದ ೧೧ ಕಿಲೋಮೀಟರ್ ಎತ್ತರದಲ್ಲಿ ಹಾರುವುದರಿಂದ ದಾರಿ ಕೊಂಚ ಉದ್ದವಾಗುತ್ತದೆ. ಆದರೆ ಇಡೀ ಪ್ರಯಾಣಕ್ಕೆ ಅದು ಸುಮಾರು ೨೪ ಕಿಲೋಮೀಟರ್ ಮಾತ್ರ.

ಈ ಮಹಾವೃತ್ತವು ಬೆಂಗಳೂರಿನಿಂದ ಈಶಾನ್ಯಕ್ಕಲ್ಲ, ಬಹುಮಟ್ಟಿಗೆ ಉತ್ತರಕ್ಕೇ ಹೊರಡುತ್ತದೆ. ನೇಪಾಳ, ಟಿಬೆಟ್, ಮಂಗೋಲಿಯ, ಸೈಬೀರಿಯಗಳನ್ನು ದಾಟಿ, ಆರ್ಕ್‌ಟಿಕ್ ಸಾಗರದ ಅಂಚಿನಲ್ಲಿ ೭೧ ಡಿಗ್ರಿ ಅಕ್ಷಾಂಶದವರೆಗೆ ಏರಿ, ಅಲಾಸ್ಕದ ಮೇಲೆ ಇಳಿದು ಸ್ಯಾನ್ ಫ್ರಾನ್ಸಿಸ್ಕೊ ಸೇರುತ್ತದೆ. ಧ್ರುವದ ಮೇಲೆಯೇ ಹೋದರೆ ಎಷ್ಟಾದೀತು? ಬೆಂಗಳೂರಿನಿಂದ ಧ್ರುವಕ್ಕೆ ೯೦ರಲ್ಲಿ ೧೩.೨ ಕಳೆದರೆ ೭೬.೮ ಡಿಗ್ರಿ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ೯೦ರಲ್ಲಿ ೩೭.೬ ಕಳೆದರೆ ೫೨.೪ ಡಿಗ್ರಿ, ಒಟ್ಟು ೧೨೯.೨ ಡಿಗ್ರಿ, ಎಂದರೆ ಸುಮಾರು ೧೪,೩೭೦ ಕಿಲೋಮೀಟರ್. ಅತಿ ಹತ್ತಿರದ ದಾರಿಗಿಂತ ಹೆಚ್ಚಾದುದು ಸುಮಾರು ೩೮೦ ಕಿಲೋಮೀಟರ್ ಮಾತ್ರ. ೨೦೨೧ರ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆಯು ಈ ಎರಡು ನಗರಗಳ ನಡುವೆ ನಡುವೆಲ್ಲಿಯೂ ಇಳಿಯದ ವಿಮಾನಯಾನವನ್ನು ಮೊದಲು ನಡೆಸಿದಾಗ, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನಾಯಕತ್ವದಲ್ಲಿ ಮಹಿಳಾ ಚಾಲಕರೇ ಆ ವಿಮಾನವನ್ನು ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು ಬೆಂಗಳೂರಿಗೆ ತಂದರು. ಭೂಪಟದಲ್ಲಿ ವಿಚಿತ್ರವಾಗಿ ಕಾಣುವ ಆ ದಾರಿ ಗ್ಲೋಬಿನ ಮೇಲೆ ಎಷ್ಟು ಸಹಜವೆಂಬುದು ಈಗ ತಿಳಿಯಿತಷ್ಟೆ.

ವೇಗಕ್ಕೆ ಒಂದು ಮೇರೆ

ದೂರದ ಪ್ರಶ್ನೆ ಮುಗಿಯಿತು. ಇನ್ನು ಹೊತ್ತಿನ ಪ್ರಶ್ನೆ. ೧೧ ಕಿಲೋಮೀಟರ್ ಎತ್ತರದಲ್ಲಿ ವಾಯುವಿನ ಉಷ್ಣತೆ ಸೊನ್ನೆಗಿಂತ ಸುಮಾರು ೫೬ ಡಿಗ್ರಿ ಸೆಂಟಿಗ್ರೇಡ್ ಕೆಳಗಿರುತ್ತದೆ. ಅಂಥ ತಣ್ಣನೆಯ ವಾಯುವಿನಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು ೧,೦೬೦ ಕಿಲೋಮೀಟರ್. ವಿಮಾನದ ವೇಗ ಇದರ ಹತ್ತಿರಕ್ಕೆ ಬಂದಂತೆಲ್ಲ ವಾಯುವಿನ ಪ್ರತಿರೋಧ ಥಟ್ಟನೆ ಏರುತ್ತದೆ. ಆದುದರಿಂದ ದೊಡ್ಡ ಜೆಟ್ ವಿಮಾನಗಳು ಶಬ್ದದ ವೇಗದ ಶೇಕಡ ೮೪ರ ಆಸುಪಾಸಿನಲ್ಲಿ, ಎಂದರೆ ಗಂಟೆಗೆ ಸುಮಾರು ೯೦೦ ಕಿಲೋಮೀಟರ್ ವೇಗದಲ್ಲಿ ಹಾರುತ್ತವೆ. ಹೊತ್ತಾಯಿತೆಂದು ಬಸ್ಸಿನ ಚಾಲಕ ವೇಗವನ್ನು ಹೆಚ್ಚಿಸುವಂತೆ ವಿಮಾನಚಾಲಕ ಹೆಚ್ಚಿಸಲಾರ. ವಿಮಾನದ ವೇಗ ಹೀಗೆ ಹೆಚ್ಚುಕಡಮೆ ನಿಶ್ಚಿತವಾದುದು.

ಆದರೆ ಈ ವೇಗ ಯಾವುದನ್ನು ಕುರಿತದ್ದು ಎಂಬುದನ್ನು ಗಮನಿಸಬೇಕು. ಅದು ನೆಲವನ್ನು ಕುರಿತದ್ದಲ್ಲ, ಸುತ್ತಲಿನ ವಾಯುವನ್ನು ಕುರಿತದ್ದು. ಹರಿಯುವ ಹೊಳೆಯಲ್ಲಿ ದೋಣಿ ಹೇಗೋ, ಬೀಸುವ ಗಾಳಿಯಲ್ಲಿ ವಿಮಾನ ಹಾಗೆ. ಹೊಳೆಯೊಡನೆ ಹೋಗುವ ದೋಣಿಗೆ ಹೊಳೆಯ ವೇಗವೂ ಕೂಡಿಕೊಳ್ಳುತ್ತದೆ. ಎದುರಾಗಿ ಹೋದರೆ ಅದೇ ವೇಗ ಕಳೆದುಹೋಗುತ್ತದೆ. ೧೪,೦೦೦ ಕಿಲೋಮೀಟರ್ ದಾರಿಯನ್ನು ಗಾಳಿಯೇ ಇಲ್ಲದಾಗ ೯೦೦ ಕಿಲೋಮೀಟರ್ ವೇಗದಲ್ಲಿ ಕ್ರಮಿಸಲು ೧೫ ಗಂಟೆ ೩೩ ನಿಮಿಷ ಬೇಕು. ಗಂಟೆಗೆ ೧೦೦ ಕಿಲೋಮೀಟರ್ ವೇಗದ ಗಾಳಿ ಬೆನ್ನ ಹಿಂದಿನಿಂದ ಬೀಸಿದರೆ ೧೪ ಗಂಟೆ ಸಾಕು. ಎದುರಿನಿಂದ ಬೀಸಿದರೆ ೧೭ ಗಂಟೆ ೩೦ ನಿಮಿಷ ಬೇಕು.

ಹೋಗುವಾಗ ನಷ್ಟವಾದುದು ಬರುವಾಗ ಲಾಭವಾಗಿ ಸರಿಹೋಗುವುದೆಂದು ಭಾವಿಸುವುದು ಸಹಜ. ಆದರೆ ಲೆಕ್ಕ ಹಾಗೆ ಹೇಳುವುದಿಲ್ಲ. ಗಾಳಿಯಿಲ್ಲದಾಗ ಹೋಗಿಬರಲು ೩೧ ಗಂಟೆ ೭ ನಿಮಿಷ. ಗಾಳಿಯಿದ್ದಾಗ ೩೧ ಗಂಟೆ ೩೦ ನಿಮಿಷ. ಎದುರುಗಾಳಿ ನಮ್ಮನ್ನು ಹೆಚ್ಚು ಹೊತ್ತು ತಡೆಯುತ್ತದೆ, ಬೆನ್ನಗಾಳಿ ಕಡಿಮೆ ಹೊತ್ತು ನೂಕುತ್ತದೆ. ಆದುದರಿಂದ ಒಟ್ಟಿನಲ್ಲಿ ನಷ್ಟವೇ.

ಮೇಲುಗಾಳಿಯ ಹೊಳೆ

ನೂರು ಕಿಲೋಮೀಟರ್ ವೇಗದ ಗಾಳಿ ನೆಲದ ಮೇಲೆ ಬೀಸಿದರೆ ಅದು ಬಿರುಗಾಳಿ. ಆದರೆ ವಿಮಾನಗಳು ಹಾರುವ ಎತ್ತರದಲ್ಲಿ ಅದು ಸಾಮಾನ್ಯ ಸಂಗತಿ. ಉತ್ತರ ಗೋಳಾರ್ಧದ ಮಧ್ಯ ಅಕ್ಷಾಂಶಗಳಲ್ಲಿ, ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಅಂಕುಡೊಂಕಾಗಿ ಹರಿಯುವ ಗಾಳಿಯ ಹೊಳೆಯೊಂದಿದೆ. ಇದಕ್ಕೆ ಜೆಟ್ ಪ್ರವಾಹವೆಂದು ಹೆಸರು. ಚಳಿಗಾಲದಲ್ಲಿ ಇದರ ವೇಗ ಕೆಲವೊಮ್ಮೆ ಗಂಟೆಗೆ ೩೦೦ ಕಿಲೋಮೀಟರನ್ನೂ ಮೀರುತ್ತದೆ. ಜಪಾನಿನ ವಾಸಬುರೊ ಓಯಿಶಿ ಎಂಬ ಹವಾಶಾಸ್ತ್ರಜ್ಞರು ಬೆಲೂನುಗಳನ್ನು ಹಾರಿಬಿಟ್ಟು ಈ ಪ್ರಬಲ ಗಾಳಿಯನ್ನು ೧೯೨೦ರ ದಶಕದಲ್ಲಿಯೇ ಅಳೆದಿದ್ದರು. ಅವರು ತಮ್ಮ ವರದಿಯನ್ನು ೧೯೨೬ರಲ್ಲಿ ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು. ಹೊರಗಿನವರು ಅದನ್ನು ಅಷ್ಟಾಗಿ ಗಮನಿಸಲಿಲ್ಲ. ೧೯೪೪ರಲ್ಲಿ ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಬಾಂಬರ್ ವಿಮಾನಗಳು ಈ ಗಾಳಿಗೆ ಸಿಕ್ಕಿ ಗುರಿತಪ್ಪಿದ ಮೇಲೆ ಅದರ ಮಹತ್ವ ಎಲ್ಲರಿಗೂ ತಿಳಿಯಿತು.

ಇಲ್ಲಿ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳಬಹುದು. ಭೂಮಿ ತನ್ನ ಅಕ್ಷದ ಮೇಲೆ ಪೂರ್ವಕ್ಕೆ ತಿರುಗುತ್ತಿದೆ. ಬೆಂಗಳೂರಿನ ಅಕ್ಷಾಂಶದಲ್ಲಿ ಈ ವೇಗ ಗಂಟೆಗೆ ೧,೬೦೦ ಕಿಲೋಮೀಟರಿಗೂ ಹೆಚ್ಚು. ಹಾಗಿರುವಾಗ ವಿಮಾನ ಮೇಲೇರಿ ಸುಮ್ಮನೆ ನಿಂತರೆ ಕೆಳಗಿನ ನೆಲ ತಾನೇ ಸರಿದು ಅಮೆರಿಕ ಬರಬಾರದೇಕೆ? ಬರುವುದಿಲ್ಲ, ಏಕೆಂದರೆ ನೆಲದ ಮೇಲಿದ್ದಾಗಲೇ ವಿಮಾನಕ್ಕೂ ಅದರ ಸುತ್ತಲಿನ ವಾಯುವಿಗೂ ಅದೇ ವೇಗವಿತ್ತು, ಮೇಲೇರಿದಾಗಲೂ ಅದು ಉಳಿದಿರುತ್ತದೆ. ಓಡುವ ರೈಲಿನಲ್ಲಿ ಮೇಲಕ್ಕೆಸೆದ ನಾಣ್ಯ ಮತ್ತೆ ಅಂಗೈಗೇ ಬೀಳುವುದಿಲ್ಲವೆ? ಆದರೆ ಭೂಮಿಯ ತಿರುಗುವಿಕೆಗೆ ಇಲ್ಲಿ ಪಾತ್ರವೇ ಇಲ್ಲವೆಂದೂ ಹೇಳುವಂತಿಲ್ಲ. ಉಷ್ಣವಲಯಕ್ಕೂ ಧ್ರುವಪ್ರದೇಶಕ್ಕೂ ಇರುವ ಉಷ್ಣತೆಯ ಅಂತರದಿಂದ ಮೇಲಿನ ವಾಯು ಉತ್ತರಕ್ಕೆ ಹರಿಯತೊಡಗುತ್ತದೆ. ಭೂಮಿಯ ತಿರುಗುವಿಕೆ ಅದನ್ನು ಬಲಕ್ಕೆ, ಎಂದರೆ ಪೂರ್ವಕ್ಕೆ, ತಿರುಗಿಸುತ್ತದೆ. ಜೆಟ್ ಪ್ರವಾಹ ಹುಟ್ಟುವುದು ಹೀಗೆ. ಚಳಿಗಾಲದಲ್ಲಿ ಉಷ್ಣತೆಯ ಅಂತರ ಹೆಚ್ಚಾಗುವುದರಿಂದ ಪ್ರವಾಹವೂ ಬಲಗೊಳ್ಳುತ್ತದೆ.

ಬಳಸುದಾರಿಯ ಲಾಭ

ಗಾಳಿಯ ಈ ಹೊಳೆಯನ್ನು ತಿಳಿದವನು ದಾರಿಯನ್ನು ಬೇರೆಯಾಗಿಯೇ ಆರಿಸುತ್ತಾನೆ. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಮಹಾವೃತ್ತದ ದೂರ ಸುಮಾರು ೧೨,೪೦೦ ಕಿಲೋಮೀಟರ್. ಏರ್ ಇಂಡಿಯಾ ವಿಮಾನಗಳು ಮೊದಲು ಯೂರೋಪ್, ಅಟ್ಲಾಂಟಿಕ್ ಮಾರ್ಗವಾಗಿ ಸುಮಾರು ೧೩,೯೦೦ ಕಿಲೋಮೀಟರ್ ಹಾರಿ ಅಲ್ಲಿಗೆ ಹೋಗುತ್ತಿದ್ದವು. ಪಶ್ಚಿಮಕ್ಕೆ ಹೋಗುವುದರಿಂದ ಎದುರುಗಾಳಿ ತಪ್ಪುತ್ತಿರಲಿಲ್ಲ. ೨೦೧೬ರ ಅಕ್ಟೋಬರಿನಲ್ಲಿ ಅದೇ ವಿಮಾನ ಪೂರ್ವಕ್ಕೆ ಹೊರಟು ಪೆಸಿಫಿಕ್ ಸಾಗರದ ಮೇಲೆ ಸುಮಾರು ೧೫,೩೦೦ ಕಿಲೋಮೀಟರ್ ಹಾರಿ, ಹದಿನಾಲ್ಕೂವರೆ ಗಂಟೆಗಳಲ್ಲಿ ಅಲ್ಲಿಗೆ ಮುಟ್ಟಿತು. ದಾರಿ ೧,೪೦೦ ಕಿಲೋಮೀಟರ್ ಹೆಚ್ಚಾಯಿತು, ಹೊತ್ತು ಸುಮಾರು ಎರಡು ಗಂಟೆ ಕಡಿಮೆಯಾಯಿತು! ೧೫,೩೦೦ನ್ನು ೧೪.೫ರಿಂದ ಭಾಗಿಸಿದರೆ ನೆಲವನ್ನು ಕುರಿತ ಸರಾಸರಿ ವೇಗ ಸುಮಾರು ೧,೦೫೫ ಕಿಲೋಮೀಟರ್ ಎಂದು ತಿಳಿದುಬರುತ್ತದೆ. ವಿಮಾನದ ಸ್ವಂತ ವೇಗ ೯೦೦ ಎಂದಿಟ್ಟುಕೊಂಡರೆ ಉಳಿದ ನೂರೈವತ್ತರಷ್ಟನ್ನು ಕೊಟ್ಟುದು ಗಾಳಿಯೇ. ಹಿಂದಿರುಗುವಾಗ ಅಟ್ಲಾಂಟಿಕ್ ಮೇಲಿನಿಂದ ಬಂದರೆ ಆಗಲೂ ಪ್ರಯಾಣ ಪೂರ್ವಕ್ಕೇ, ಗಾಳಿಯೂ ಬೆನ್ನಿಗೇ. ಪ್ರಯಾಣಿಕ ಭೂಪ್ರದಕ್ಷಿಣೆಯನ್ನೂ ಮುಗಿಸಿದಂತಾಗುತ್ತದೆ.

ಒಂದೆರಡು ಗಂಟೆಗಾಗಿ ಇಷ್ಟೆಲ್ಲ ಲೆಕ್ಕವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಇಂಥ ಪ್ರಯಾಣಗಳಲ್ಲಿ ಬಳಸಿದ ಬೋಯಿಂಗ್ ೭೭೭-೨೦೦ ಎಲ್‌ಆರ್ ಮಾದರಿಯ ವಿಮಾನ ಪೂರ್ಣ ಭಾರದೊಡನೆ ಹೊರಡುವಾಗ ಸುಮಾರು ೩೪೭ ಟನ್ ತೂಗಬಲ್ಲದು. ಅದರ ತೊಟ್ಟಿಗಳು ತುಂಬಿದಾಗ ಇಂಧನದ ತೂಕವೇ ಸುಮಾರು ೧೪೫ ಟನ್. ಎಂದರೆ ಐದರಲ್ಲಿ ಎರಡು ಪಾಲು. ಹಾರಾಟದ ಒಂದೊಂದು ಗಂಟೆಗೂ ಆರೇಳು ಟನ್ ಇಂಧನ ಉರಿದುಹೋಗುತ್ತದೆ. ಒಂದು ಕಿಲೋಗ್ರಾಂ ಇಂಧನ ಉರಿದರೆ ಮೂರು ಕಿಲೋಗ್ರಾಮಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಎರಡು ಗಂಟೆಗಳ ಎದುರುಗಾಳಿಯೆಂದರೆ ಹದಿಮೂರು ಟನ್ನಿನಷ್ಟು ಹೆಚ್ಚು ಇಂಧನ. ಅದಕ್ಕೆ ಎಡೆಮಾಡಬೇಕಾದರೆ ಪ್ರಯಾಣಿಕರನ್ನೋ ಸರಕನ್ನೋ ಬಿಟ್ಟುಹೋಗಬೇಕು, ಇಲ್ಲವೆ ನಡುದಾರಿಯಲ್ಲಿ ಇಳಿಯಬೇಕು.

ಬರಿಯ ಮಿತವ್ಯಯದ ಪ್ರಶ್ನೆಯೂ ಇದಲ್ಲ. ಎರಡು ಎಂಜಿನ್‌ಗಳ ವಿಮಾನದಲ್ಲಿ ಒಂದು ನಿಂತುಹೋದರೆ, ಇನ್ನೊಂದರಿಂದಲೇ ಗೊತ್ತಾದ ಅವಧಿಯೊಳಗೆ ಒಂದು ನಿಲ್ದಾಣವನ್ನು ಮುಟ್ಟುವಂತೆ ದಾರಿಯನ್ನು ಗೊತ್ತುಮಾಡಬೇಕೆಂಬ ನಿಯಮವಿದೆ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರ ಸುಮಾರು ೪,೫೦೦ ಮೀಟರ್. ವಿಮಾನದೊಳಗಿನ ವಾಯುವಿನ ಒತ್ತಡ ಕುಸಿದರೆ ಪ್ರಯಾಣಿಕರು ಉಸಿರಾಡಬಲ್ಲ ಸುಮಾರು ೩,೦೦೦ ಮೀಟರ್ ಎತ್ತರಕ್ಕೆ ಬೇಗನೆ ಇಳಿಯಬೇಕು; ಅಲ್ಲಿ ಆ ಎತ್ತರದಲ್ಲಿ ಇರುವುದು ಬೆಟ್ಟ! ಆದುದರಿಂದ ನಮ್ಮ ಮಹಾವೃತ್ತ ಅಲ್ಲಿ ಹಾದುಹೋದರೂ ವಿಮಾನಗಳು ಸಾಮಾನ್ಯವಾಗಿ ಅದನ್ನು ಬಳಸಿ ಹೋಗುತ್ತವೆ. ೨೦೨೩ರ ಜೂನ್ ೬ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ವಿಮಾನವೊಂದು ಎಂಜಿನ್ನಿನ ತೊಂದರೆಯಿಂದ ರಷ್ಯದ ಪೂರ್ವ ತೀರದ ಮಗದಾನ್ ಎಂಬ ಊರಿನಲ್ಲಿ ಇಳಿಯಬೇಕಾಯಿತು. ಅದರಲ್ಲಿದ್ದ ೨೧೬ ಪ್ರಯಾಣಿಕರೂ ೧೬ ಸಿಬ್ಬಂದಿಯವರೂ ಸುರಕ್ಷಿತವಾಗಿ ಇಳಿದರು. ತಲಪಬಹುದಾದ ನಿಲ್ದಾಣವೊಂದು ದಾರಿಯ ಬಳಿ ಇತ್ತೆಂಬುದು ಆಕಸ್ಮಿಕವಲ್ಲ. ದಾರಿಯನ್ನು ಗೊತ್ತುಮಾಡುವಾಗಲೇ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ.

ರಾಜಕೀಯವೂ ದೂರವನ್ನು ಬದಲಿಸಬಲ್ಲದು. ೨೦೨೨ರಲ್ಲಿ ರಷ್ಯವು ಯೂರೋಪಿನ ಅನೇಕ ದೇಶಗಳ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದ ಮೇಲೆ, ಒಂಬತ್ತೂವರೆ ಗಂಟೆಯಷ್ಟಿದ್ದ ಹೆಲ್ಸಿಂಕಿ–ಟೋಕಿಯೊ ಪ್ರಯಾಣ ಸುಮಾರು ಹದಿಮೂರು ಗಂಟೆಗೇರಿತು. ಊರುಗಳು ಇದ್ದಲ್ಲಿಯೇ ಇವೆ. ದಾರಿ ಮಾತ್ರ ಉದ್ದವಾಯಿತು.

ಗಡಿಯಾರದ ಮಾತು

ಹೊತ್ತಿನ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಹೊರಟಾಗಿನ, ಮುಟ್ಟಿದಾಗಿನ ಗಡಿಯಾರಗಳನ್ನು ನೋಡಿ ಕಳೆಯುವುದರಿಂದ ಪ್ರಯಾಣದ ಅವಧಿ ತಿಳಿಯದು. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಬೆಂಗಳೂರಿನಿಂದ ಶುಕ್ರವಾರ ಮಧ್ಯಾಹ್ನ ೨ ಗಂಟೆಗೆ ಹೊರಟು ೧೬ ಗಂಟೆ ಹಾರಿದವನು ಅಲ್ಲಿ ಇಳಿಯುವಾಗ ಅದೇ ಶುಕ್ರವಾರ ಸಂಜೆ ನಾಲ್ಕೂವರೆ. ಗಡಿಯಾರದಲ್ಲಿ ಕಳೆದುದು ಎರಡೂವರೆ ಗಂಟೆ ಮಾತ್ರ! ಹಿಂದಿರುಗುವವನು ಈ ಸಾಲವನ್ನು ತೀರಿಸಬೇಕು. ೨೦೨೧ರ ಆ ಮೊದಲ ವಿಮಾನ ಸ್ಯಾನ್ ಫ್ರಾನ್ಸಿಸ್ಕೊವನ್ನು ಬಿಟ್ಟುದು ಜನವರಿ ೯ರ ಶನಿವಾರ ರಾತ್ರಿ, ಬೆಂಗಳೂರಿಗೆ ಬಂದುದು ಜನವರಿ ೧೧ರ ಸೋಮವಾರ ಬೆಳಗಿನ ಜಾವ. ಹಾರಿದುದು ಸುಮಾರು ೧೭ ಗಂಟೆಯಾದರೂ ಭಾನುವಾರವೆಂಬುದು ಬಹುಮಟ್ಟಿಗೆ ಆಕಾಶದಲ್ಲಿಯೇ ಕಳೆದುಹೋಯಿತು.

ಕೊನೆಯದಾಗಿ ಎರಡು ಲೆಕ್ಕಗಳನ್ನು ಓದುಗರಿಗೇ ಬಿಡಬಹುದು. ದೆಹಲಿಯ ಅಕ್ಷಾಂಶ ೨೮.೬ ಡಿಗ್ರಿ. ಅಲ್ಲಿಂದ ಉತ್ತರ ಧ್ರುವದ ಮೇಲೆ ಹಾದು ಸ್ಯಾನ್ ಫ್ರಾನ್ಸಿಸ್ಕೊಗೆ ಹೋದರೆ ಮಹಾವೃತ್ತದ ದೂರಕ್ಕಿಂತ ಎಷ್ಟು ಹೆಚ್ಚಾಗುತ್ತದೆ? ಗಂಟೆಗೆ ೧೫೦ ಕಿಲೋಮೀಟರ್ ವೇಗದ ಗಾಳಿ ಹಿಂದಿನಿಂದಲೂ ಅಲ್ಲ, ಎದುರಿನಿಂದಲೂ ಅಲ್ಲ, ದಾರಿಗೆ ಸರಿಯಾಗಿ ಅಡ್ಡಲಾಗಿ ಬೀಸಿದರೆ ವಿಮಾನಕ್ಕೆ ಲಾಭವೋ ನಷ್ಟವೋ? ಮೊದಲನೆಯದಕ್ಕೆ ಉತ್ತರ ಸುಮಾರು ೨೭೦ ಕಿಲೋಮೀಟರ್. ಎರಡನೆಯದರಲ್ಲಿ ದಾರಿ ತಪ್ಪದಂತೆ ವಿಮಾನ ತನ್ನ ಮೂತಿಯನ್ನು ಗಾಳಿಯ ಕಡೆಗೆ ಕೊಂಚ ತಿರುಗಿಸಿಕೊಂಡೇ ಹಾರಬೇಕಾದ್ದರಿಂದ ನಷ್ಟವೇ. ಎಷ್ಟು ನಷ್ಟವೆಂಬುದನ್ನು ಲಂಬಕೋನ ತ್ರಿಭುಜವೊಂದನ್ನು ಬರೆದು ನೀವೇ ಕಂಡುಹಿಡಿಯಬಹುದು. ಈ ಲೆಕ್ಕಗಳನ್ನು ಮಾಡಿದ ಮೇಲೆ, ದೂರದ ಊರೊಂದು ಎಷ್ಟು ದೂರವೆಂದು ಯಾರಾದರೂ ಕೇಳಿದರೆ, ಉತ್ತರ ಹೇಳುವ ಮೊದಲು ಗೋಡೆಯ ಭೂಪಟವನ್ನು ಬಿಟ್ಟು ಗ್ಲೋಬಿನ ಕಡೆಗೆ ಕೈಚಾಚುವಿರೆಂದು ನಂಬಬಹುದು.